ಕ್ಯೂ ತುದಿಯ ತೊಗಲು: ಹೆಸರಿಗಿಂತ ಹದ ನೋಡಿ

ಪ್ರಶ್ನೆ: ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಎರಡು ವರ್ಷದಿಂದ ಪಾರ್ಲರಿನ ಸ್ಟಿಕ್ಕಿನಲ್ಲೇ ಪೂಲ್ (ಬಿಲಿಯರ್ಡ್ಸ್ ಥರದ ಟೇಬಲ್ ಆಟ) ಆಡುತ್ತಿದ್ದೆ. ಈಗ ಸ್ವಂತಕ್ಕೊಂದು ಎರಡು ತುಂಡಿನ ಮೇಪಲ್ ಮರದ ಕ್ಯೂ (ಚೆಂಡು ಹೊಡೆಯುವ ಕೋಲು) ತಗೊಂಡಿದ್ದೇನೆ, ತುದಿ 12.75 ಮಿ.ಮೀ. ಜೊತೆಗೆ ಬಂದ ಟಿಪ್, ಅಂದರೆ ತುದಿಗೆ ಅಂಟಿಸಿದ ತೊಗಲಿನ ಬಿಲ್ಲೆ, ಮೂರೇ ವಾರದಲ್ಲಿ ಅಣಬೆ ಹಾಗೆ ಅರಳಿತು. ಸೈಡ್ ಹಾಕಿದರೆ, ಅಂದರೆ ಚೆಂಡು ಸುತ್ತಲಿ ಅಂತ ಅದರ ಪಕ್ಕಕ್ಕೆ ಹೊಡೆದರೆ, ಜಾರುತ್ತೆ. ಗೆಳೆಯರಲ್ಲಿ ಒಬ್ಬ ‘ಸ್ಪಿನ್ ಬೇಕಂದ್ರೆ ಸಾಫ್ಟ್ ಹಾಕು’ ಅಂತಾನೆ, ಇನ್ನೊಬ್ಬ ‘ಹಾರ್ಡ್ ಹಾಕು, ಬಾಳಿಕೆ ಬರುತ್ತೆ’ ಅಂತಾನೆ. ಸಾವಿರ ರೂಪಾಯಿ ದಾಟುವ ಜಪಾನ್ ಟಿಪ್ ತಗೊಳ್ಳಬೇಕಾ? ನಮ್ಮೂರಲ್ಲಿ ಹಾಕಿಕೊಡುವವರಿಲ್ಲ. ನಾನೇ ಹಾಕಬಹುದಾ?

ಉತ್ತರ: ಧಾರಾಳವಾಗಿ ನೀವೇ ಹಾಕಬಹುದು. ಹೇಗೆ ಅಂತ ಮುಂದೆ ಬಿಡಿಸಿ ಹೇಳುತ್ತೇನೆ. ಯಾವುದು ಅನ್ನುವುದಕ್ಕೆ ನನ್ನ ಉತ್ತರ ಇಷ್ಟು: ಮೀಡಿಯಂ ತಗೊಳ್ಳಿ, 14 ಮಿ.ಮೀ ಅಳತೆಯದು ತಗೊಳ್ಳಿ, ಹಾಕಿದ ಮೇಲೆ ಆರು ತಿಂಗಳು ಅದನ್ನು ಬದಲಿಸಬೇಡಿ. ಸಾವಿರ ರೂಪಾಯಿಯದು ಸದ್ಯಕ್ಕೆ ಬೇಡ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹದಿನೆಂಟು ವರ್ಷದಿಂದ ನಾನು ಟೇಬಲ್ಲಿಗೆ ಬಟ್ಟೆ ಹಾಕುವ, ಕ್ಯೂ ರಿಪೇರಿ ಮಾಡುವ ಕೆಲಸದಲ್ಲಿದ್ದೇನೆ. ಈ ಪ್ರಶ್ನೆ ವಾರಕ್ಕೆ ಎರಡು ಸಲವಾದರೂ ಬರುತ್ತದೆ. ಹೆಚ್ಚಿನವರು ಟಿಪ್ಪಿನ ಹೆಸರು ಕೇಳುತ್ತಾರೆ. ತಮ್ಮ ಹಳೇ ಟಿಪ್ ಯಾಕೆ ಕೆಟ್ಟಿತು ಅಂತ ಕೇಳುವವರು ಕಡಿಮೆ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಹಳೇ ಟಿಪ್ಪನ್ನು ಕಿತ್ತು ಎಸೆಯುವ ಮೊದಲು ಕಿಟಕಿ ಬೆಳಕಿಗೆ ಹಿಡಿದು ನೋಡಿ. ನಟ್ಟನಡುವೆ ಕಪ್ಪಗೆ, ಹೊಳೆಯುವ ಒಂದು ಚುಕ್ಕೆ ಇದೆಯಾ? ಸುತ್ತ ಚಾಕ್ ಪುಡಿ (ಜಾರದಿರಲಿ ಅಂತ ಟಿಪ್ಪಿಗೆ ಸವರುವುದು) ಮಾತ್ರ ನಿಂತಿದೆಯಾ? ಹಾಗಿದ್ದರೆ ಅಲ್ಲಿ ತೊಗಲು ಬಡಿದು ಬಡಿದು ಗಾಜಿನ ಹಾಗಾಗಿದೆ, ಚಾಕ್ ಹಿಡಿಯುತ್ತಿಲ್ಲ. ಇನ್ನು ಪಕ್ಕಕ್ಕೆ ತಿರುಗಿಸಿ. ಫೆರೂಲಿನ, ಅಂದರೆ ಟಿಪ್ಪಿನ ಕೆಳಗಿರುವ ಬಿಳಿ ಬಳೆಯ, ಅಂಚಿನಿಂದ ಆಚೆ ತೊಗಲು ತುಟಿಯ ಹಾಗೆ ಹೊರಗೆ ಬಂದಿರುತ್ತದೆ. ಉಗುರಿನಿಂದ ಒತ್ತಿದರೆ ಆ ತುಟಿ ಒಳಗೆ ಹೋಗುತ್ತದೆ, ಯಾಕೆಂದರೆ ಅದರ ಕೆಳಗೆ ಆಧಾರವೇ ಇಲ್ಲ. ಸೈಡ್ ಹಾಕುವಾಗ ಚೆಂಡಿಗೆ ಮೊದಲು ತಾಗುವುದು ಇದೇ ತುಟಿ. ಅದು ಬಾಗುತ್ತದೆ, ಕ್ಯೂ ಜಾರುತ್ತದೆ. ನಿಮ್ಮ ಮಿಸ್‌ಕ್ಯೂಗೆ, ಅಂದರೆ ಹೀಗೆ ಜಾರುವುದಕ್ಕೆ, ಅರ್ಧ ಕಾರಣ ಇಲ್ಲಿದೆ.

ಉಳಿದರ್ಧ ನಿಮ್ಮ ಕೈಯಲ್ಲಿರಬಹುದು, ಅದನ್ನೂ ಪರೀಕ್ಷೆ ಮಾಡಿ. ಪೂಲ್ ಚೆಂಡಿನ ಅಡ್ಡಳತೆ 57.15 ಮಿ.ಮೀ. ನಡುವಿನಿಂದ ಅಂಚಿಗೆ ಸುಮಾರು 28.5 ಮಿ.ಮೀ ಆಯಿತು. ಅದರಲ್ಲಿ ಅರ್ಧದಷ್ಟು, ಅಂದರೆ ನಡುವಿನಿಂದ ಸುಮಾರು 14 ಮಿ.ಮೀ ದೂರದವರೆಗೆ ಮಾತ್ರ ಟಿಪ್ ಹಿಡಿತ ಕೊಡುತ್ತದೆ. ಅದರಾಚೆ ಹೊಡೆದರೆ ಎಷ್ಟು ದುಬಾರಿ ತೊಗಲಾದರೂ ಜಾರುತ್ತದೆ. ಇದನ್ನು ಕಣ್ಣಿಗೆ ಕಾಣಿಸಿಕೊಳ್ಳುವ ಸುಲಭದ ದಾರಿ ಇದೆ. ಒಂದು ಪಟ್ಟೆ ಚೆಂಡು ತಗೊಂಡು, ಪಟ್ಟೆ ಅಡ್ಡಡ್ಡ ಮಲಗುವ ಹಾಗೆ ಬಿಳಿ ಚೆಂಡಿನ ಜಾಗದಲ್ಲಿಡಿ. ಪಟ್ಟೆಯ ಮೇಲಂಚು, ಕೆಳಂಚು ಸುಮಾರಾಗಿ ಆ ಗಡಿಯ ಹತ್ತಿರ ಬರುತ್ತವೆ. ಹೊಡೆದ ಮೇಲೆ ಚೆಂಡಿನ ಮೇಲೆ ಉಳಿದ ಚಾಕ್ ಗುರುತು ನೋಡಿ. ಪಟ್ಟೆ ದಾಟಿ ಹೊರಗೆ ಬಿದ್ದಿದ್ದರೆ ಟಿಪ್ಪನ್ನು ಬೈಯಬೇಡಿ. ಚೆಂಡನ್ನು ಒರೆಸಿ ಮತ್ತೆ ಹೊಡೆಯಿರಿ. ಇಪ್ಪತ್ತು ಸಲ ಹೀಗೆ ಮಾಡಿದರೆ ನಿಮಗೇ ಗೊತ್ತಾಗುತ್ತದೆ. ‘ಸ್ಕ್ರೂ’ ಅಂತ, ಅಂದರೆ ಚೆಂಡು ಹಿಂದಕ್ಕೆ ಬರಲಿ ಅಂತ ಕೆಳಭಾಗಕ್ಕೆ ಹೊಡೆಯುವಾಗ ನಾವು ಅಂದುಕೊಂಡ ಜಾಗಕ್ಕೂ ನಿಜವಾಗಿ ತಾಗುವ ಜಾಗಕ್ಕೂ ಬೆರಳಗಲ ಫರಕು ಇರುತ್ತದೆ.

ಈಗ ಸಾಫ್ಟ್, ಹಾರ್ಡ್ ವಿಷಯ. ‘ಸಾಫ್ಟ್ ಹಾಕಿದರೆ ಸ್ಪಿನ್ ಜಾಸ್ತಿ’ ಅನ್ನುವ ಮಾತು ನಾನೂ ವರ್ಷಗಟ್ಟಲೆ ನಂಬಿದ್ದೆ, ಗಿರಾಕಿಗಳಿಗೂ ಹೇಳಿದ್ದೆ. ಅದು ಸರಿಯಲ್ಲ. ಟಿಪ್ ಚೆಂಡಿಗೆ ತಾಗಿರುವುದು ಸೆಕೆಂಡಿನ ಸಾವಿರದ ಒಂದೆರಡು ಭಾಗದಷ್ಟು ಹೊತ್ತು ಮಾತ್ರ. ಚೆಂಡಿನ ಸುತ್ತು ನಿಂತಿರುವುದು ನೀವು ನಡುವಿನಿಂದ ಎಷ್ಟು ದೂರ ಹೊಡೆದಿರಿ, ಎಷ್ಟು ವೇಗದಲ್ಲಿ ಹೊಡೆದಿರಿ ಅನ್ನುವುದರ ಮೇಲೆ. ಆ ಹೊತ್ತಿನಲ್ಲಿ ಟಿಪ್ ಜಾರಬಾರದು, ಅಷ್ಟೇ. ಜಾರದಂತೆ ಹಿಡಿಯುವುದು ಚಾಕ್. ಸಾಫ್ಟ್ ತೊಗಲಿಗೆ ಚಾಕ್ ಸ್ವಲ್ಪ ಚೆನ್ನಾಗಿ ಅಂಟುತ್ತದೆ, ಜಾಸ್ತಿ ಹೊತ್ತು ನಿಲ್ಲುತ್ತದೆ. ಅದಕ್ಕೇ ಸಾಫ್ಟ್ ಹಾಕಿದವರಿಗೆ ಧೈರ್ಯ ಬರುತ್ತದೆ, ಇನ್ನೂ ಅಂಚಿಗೆ ಹೋಗಿ ಹೊಡೆಯುತ್ತಾರೆ, ಸ್ಪಿನ್ ಬಂತು ಅನ್ನುತ್ತಾರೆ. ಪ್ರತಿ ಸಲ ಸರಿಯಾಗಿ ಚಾಕ್ ಹಾಕುವವನಿಗೆ ಹಾರ್ಡ್ ಟಿಪ್ಪಿನಲ್ಲೂ ಅಷ್ಟೇ ಸುತ್ತು ಬರುತ್ತದೆ.

ಹಾಗಾದರೆ ಫರಕು ಎಲ್ಲಿ? ಕೈಗೆ ತಿಳಿಯುವುದರಲ್ಲಿ ಇದೆ. ಮೆತ್ತಗಿನ ತೊಗಲು ಹೊಡೆತದ ಶಕ್ತಿಯಲ್ಲಿ ಸ್ವಲ್ಪ ಭಾಗ ತಾನೇ ನುಂಗುತ್ತದೆ. ಅದೇ ದೂರಕ್ಕೆ ಚೆಂಡು ಕಳಿಸಲು ಕೈ ಚೂರು ಜಾಸ್ತಿ ಬೀಸಬೇಕು. ಸದ್ದು ‘ತಪ್’ ಅಂತ ಬರುತ್ತದೆ. ಗಟ್ಟಿ ತೊಗಲು ನುಂಗುವುದು ಕಡಿಮೆ, ಸದ್ದು ‘ಟಕ್’, ಕೈಗೆ ತಾಗುವ ಪೆಟ್ಟೂ ಚುರುಕು. ಮೆತ್ತಗಿನದು ಬೇಗ ಕುಸಿಯುತ್ತದೆ, ಬೇಗ ಅರಳುತ್ತದೆ, ತಿಂಗಳಿಗೊಮ್ಮೆ ಆರೈಕೆ ಕೇಳುತ್ತದೆ. ಗಟ್ಟಿಯದು ಆಕಾರ ಬಿಡುವುದಿಲ್ಲ, ಆದರೆ ಬೇಗ ನುಣುಪಾಗುತ್ತದೆ, ಚಾಕ್ ಮರೆತರೆ ಕ್ಷಮಿಸುವುದಿಲ್ಲ. ಈಗಷ್ಟೇ ಸ್ವಂತ ಕ್ಯೂ ಹಿಡಿದವರಿಗೆ ನಾನು ಮೀಡಿಯಂ ಅನ್ನುವುದು ಇದಕ್ಕೇ. ಎರಡೂ ಕಡೆಯ ತೊಂದರೆ ಅದರಲ್ಲಿ ಕಡಿಮೆ. ನಾಳೆ ನಿಮ್ಮ ಕೈ ಎತ್ತ ವಾಲುತ್ತದೆ ಅಂತ ತಿಳಿಯಲು ಅದೊಂದು ನಡುಮನೆ ಇದ್ದ ಹಾಗೆ.

ಒಂದು ಮಾತು ಸೇರಿಸುತ್ತೇನೆ. ಗೆಳೆಯರು ಸ್ನೂಕರ್ ಆಡುವವರಾಗಿದ್ದರೆ ಅವರ ಸಲಹೆ ನಿಮಗೆ ನೇರವಾಗಿ ಹೊಂದುವುದಿಲ್ಲ. ಸ್ನೂಕರ್ ಚೆಂಡು 52.5 ಮಿ.ಮೀ, ಕ್ಯೂ ತುದಿ ಸುಮಾರು 9ರಿಂದ 10 ಮಿ.ಮೀ, ಫೆರೂಲ್ ಹಿತ್ತಾಳೆಯದು. ಬೆಂಗಳೂರಿನ ಪಂಕಜ್ ಅಡ್ವಾಣಿ 2003ರಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಗೆದ್ದ ಮೇಲೆ ನಮ್ಮ ರಾಜ್ಯದಲ್ಲಿ ಈ ಆಟ ಕಲಿತ ಹುಡುಗರು ತುಂಬಾ ಜನ. ಅವರಲ್ಲಿ ಬಹಳ ಜನ ಸಾಫ್ಟ್ ಟಿಪ್ಪಿನ ಮೇಲೆ ಬೆಳೆದವರು. ಪೂಲ್ ಚೆಂಡು ಸ್ನೂಕರ್ ಚೆಂಡಿಗಿಂತ ದಪ್ಪ, ತೂಕವೂ ಜಾಸ್ತಿ, 170 ಗ್ರಾಂ ಹತ್ತಿರ ಬರುತ್ತದೆ. ಆಟದ ಶುರುವಿನಲ್ಲಿ ಚೆಂಡಿನ ಗುಂಪು ಒಡೆಯುವ ಬ್ರೇಕ್ ಹೊಡೆತವೂ ಜೋರು. ಸ್ನೂಕರಿಗೆ ಹಿತವಾದ ಮೆದು ತೊಗಲು ಪೂಲಿನಲ್ಲಿ ಬೇಗ ಸೋಲುತ್ತದೆ.

ತೊಗಲಿನ ಹದ ಅಂದರೇನು ಅಂತ ನಮ್ಮ ಸೀಮೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಬಳ್ಳಾರಿ ಜಿಲ್ಲೆ ತೊಗಲು ಗೊಂಬೆಯಾಟದ ನಾಡು. ಅಲ್ಲಿ ತೊಗಲನ್ನು ದೀಪದ ಬೆಳಕು ಹಾಯುವಷ್ಟು ಹೆರೆದು ತೆಳುವಾಗಿಸುತ್ತಾರೆ. ಹಲಗೆ ಬಾರಿಸುವವರನ್ನೂ ನೋಡಿದ್ದೀರಲ್ವಾ? ಮೆರವಣಿಗೆ ಹೊರಡುವ ಮೊದಲು ಒಂದಿಷ್ಟು ಹುಲ್ಲು, ಕಾಗದ ಸುಟ್ಟು ಹಲಗೆ ಕಾಯಿಸುತ್ತಾರೆ. ತೇವ ಹೀರಿದ ತೊಗಲು ಸಡಿಲವಾಗಿ ‘ಡಬ್’ ಅನ್ನುತ್ತದೆ. ಕಾದು ಬಿಗಿದರೆ ಓಣಿ ತುಂಬ ಕೇಳಿಸುತ್ತದೆ. ಕ್ಯೂ ತುದಿಯ ಆ ಚೂರು ತೊಗಲೂ ಹಾಗೇ. ಏಪ್ರಿಲ್, ಮೇ ತಿಂಗಳ ಒಣ ಬಿಸಿಲಲ್ಲಿ ಬಿಗಿಯುತ್ತದೆ. ಪಾರ್ಲರಿನ ಕೂಲರ್ ಎದುರು ಎರಡು ತಾಸು ನಿಲ್ಲಿಸಿದರೆ, ಮಳೆಗಾಲದಲ್ಲಿ ಗೋಡೆಗೆ ಒರಗಿಸಿಟ್ಟರೆ, ತೇವ ಎಳೆದುಕೊಂಡು ಮೆದುವಾಗುತ್ತದೆ. ‘ನಿನ್ನೆ ಚೆನ್ನಾಗಿತ್ತು, ಇವತ್ತು ಏನೋ ಬೇರೆ ಅನ್ನಿಸ್ತಿದೆ’ ಅಂತ ಬರುವವರಿಗೆ ನಾನು ಮೊದಲು ಕೇಳುವುದು, ಕ್ಯೂ ಎಲ್ಲಿಟ್ಟಿದ್ದಿರಿ ಅಂತ.

ಟಿಪ್ಪಿನಲ್ಲಿ ಎರಡು ಜಾತಿ. ಒಂದೇ ತುಂಡು ತೊಗಲಿನದು ಒಂದು. ತೆಳು ಪದರಗಳನ್ನು ಅಂಟಿನಿಂದ ಒಂದರ ಮೇಲೊಂದು ಜೋಡಿಸಿ ಒತ್ತಿದ್ದು ಇನ್ನೊಂದು. ಒಂಟಿ ತೊಗಲಿನಲ್ಲಿ ಎಲ್ಕ್ ಮಾಸ್ಟರ್ ನಮ್ಮ ಕಡೆ ಎಲ್ಲರಿಗೂ ಗೊತ್ತು. ನೀಲಿ ಛಾಯೆಯದು, ಸಾಫ್ಟ್. ಟ್ರಯಾಂಗಲ್, ಲೆ ಪ್ರೊಫೆಷನಲ್ ಅದಕ್ಕಿಂತ ಗಟ್ಟಿ, ಮೀಡಿಯಮ್ಮಿನಿಂದ ಹಾರ್ಡ್ ಕಡೆಗೆ. ಪದರದವುಗಳಲ್ಲಿ ಜಪಾನಿನ ಮೂರಿ, ಕಮುಯಿ, ಥಾಯ್ಲೆಂಡಿನ ಟಾಲಿಸ್ಮನ್, ಅಮೆರಿಕದ ಟೈಗರ್ ಹೆಸರು ಮಾಡಿವೆ.

ಒಂಟಿ ತೊಗಲಿನದು ಅಗ್ಗ, ಆದರೆ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಐವತ್ತು ಟಿಪ್ಪಿನ ಡಬ್ಬಿ ಬರುತ್ತದೆ ನೋಡಿ, ಅದನ್ನು ತೆರೆದ ತಕ್ಷಣ ನಾನು ಎಲ್ಲವನ್ನೂ ಹೊಸ್ತಿಲಿನ ಶಹಾಬಾದ್ ಕಲ್ಲಿನ ಮೇಲೆ ಒಂದೊಂದಾಗಿ ಬೀಳಿಸುತ್ತೇನೆ. ಗೇಣೆತ್ತರದಿಂದ ಬಿಟ್ಟರೆ ಸಾಕು. ಕೆಲವು ‘ಟಿಕ್’ ಅಂತ ಪುಟಿಯುತ್ತವೆ, ಕೆಲವು ‘ಪದ್’ ಅಂತ ಕೂತುಬಿಡುತ್ತವೆ. ಆಮೇಲೆ ಹೆಬ್ಬೆರಳ ಉಗುರು ಒತ್ತಿ ನೋಡುತ್ತೇನೆ. ಉಗುರಿನ ಗುರುತು ಉಳಿದರೆ ಒಂದು ಕಡೆ, ಉಳಿಯದಿದ್ದರೆ ಇನ್ನೊಂದು ಕಡೆ. ಕೊನೆಗೆ ಮೂರು ಗುಡ್ಡೆ ಆಗುತ್ತವೆ. ಡಬ್ಬಿಯ ಮೇಲೆ ಬರೆದಿರುವುದು ಒಂದೇ ಹೆಸರು, ಒಳಗಿರುವುದು ಮೂರು ಹದ. ಅಂಗಡಿಯಲ್ಲಿ ಬಿಡಿಯಾಗಿ ತಗೊಳ್ಳುವಾಗ ನೀವೂ ಇದನ್ನು ಮಾಡಿ. ಕೈಗೆ ಸಿಕ್ಕಿದ್ದನ್ನು ಸುಮ್ನೆ ಎತ್ತಿಕೊಂಡು ಬರಬೇಡಿ. ನಾಲ್ಕೈದು ಬೀಳಿಸಿ, ಒತ್ತಿ, ಆರಿಸಿ. ಒಂದೊಂದರ ಬೆಲೆ ನೂರು ರೂಪಾಯಿಯ ಆಚೀಚೆ. ಎರಡು ತಗೊಂಡು ಇಟ್ಟುಕೊಳ್ಳಿ.

ಪದರದ ಟಿಪ್ಪಿಗೆ ಜಾಸ್ತಿ ದುಡ್ಡು ಕೊಡುವುದು ಮುಖ್ಯವಾಗಿ ಈ ಒಂದೇ ಹದಕ್ಕೆ. ಮೀಡಿಯಂ ಅಂತ ಬರೆದಿದ್ದರೆ ಹತ್ತಕ್ಕೆ ಒಂಬತ್ತು ಒಂದೇ ಥರ ಇರುತ್ತವೆ, ಆಕಾರ ಜಾಸ್ತಿ ದಿನ ನಿಲ್ಲುತ್ತದೆ, ಅರಳುವುದು ಕಡಿಮೆ. ಆದರೆ ಹಾಕುವ ಕೈ ಪಳಗಿರಬೇಕು. ಆರೇಳು ವರ್ಷದ ಹಿಂದೆ ಒಬ್ಬ ಹುಡುಗನ ಕ್ಯೂಗೆ ನಾನು ದುಬಾರಿ ಪದರದ ಟಿಪ್ ಹಾಕಿದೆ. ಬ್ಲೇಡು ಹಳೆಯದಾಗಿತ್ತು, ಹೊಸದು ತರಲು ಸೋಮಾರಿತನ ಮಾಡಿದೆ. ಅಂಚು ಕತ್ತರಿಸುವಾಗ ಬ್ಲೇಡು ಕೊಯ್ಯುವ ಬದಲು ಎಳೆಯಿತು. ಕಣ್ಣಿಗೆ ಏನೂ ಕಾಣಲಿಲ್ಲ. ಮೂರನೇ ದಿನ ಪಂದ್ಯದ ನಡುವೆ ಮೇಲಿನ ಎರಡು ಪದರ ಬಾಯಿ ಬಿಟ್ಟವು. ಅವನು ಬಂದು ಒಂದು ಮಾತೂ ಜೋರಾಗಿ ಆಡಲಿಲ್ಲ, ‘ಅಣ್ಣಾ, ಇದೇನಾತು ನೋಡ್ರಿ’ ಅಂದು ಕ್ಯೂ ಕೈಗಿಟ್ಟ. ಹೊಸ ಟಿಪ್ ನನ್ನ ದುಡ್ಡಿನಲ್ಲೇ ಹಾಕಿಕೊಟ್ಟೆ. ಅಂದಿನಿಂದ ಪ್ರತಿ ಟಿಪ್ಪಿಗೆ ಒಂದು ಹೊಸ ಬ್ಲೇಡು. ನಿಮಗೆ ಮೊದಲ ಸಲಕ್ಕೆ ಸಾವಿರದ್ದು ಬೇಡ ಅಂದದ್ದು ಇದಕ್ಕೇ. ನೂರು ರೂಪಾಯಿಯದರ ಮೇಲೆ ಕೈ ಪಳಗಲಿ.

ಇನ್ನೊಂದು ವಿಷಯ ಅಂಗಡಿಯವರು ತಾವಾಗಿ ಹೇಳುವುದಿಲ್ಲ, ಹೇಳಬೇಕು. ಮೂರಿ, ಕಮುಯಿ ಇವೆಲ್ಲ ಹಂದಿ ತೊಗಲಿನ ಪದರಗಳು. ನನ್ನ ಗಿರಾಕಿಗಳಲ್ಲಿ ಹಂದಿ ತೊಗಲು ಬೇಡ ಅನ್ನುವವರಿದ್ದಾರೆ. ಕೇಳದೆ ಹಾಕುವುದು ತಪ್ಪು, ನಾನು ಮೊದಲೇ ಹೇಳಿಬಿಡುತ್ತೇನೆ. ಅಂಥವರಿಗೆ ಟಾಲಿಸ್ಮನ್ನಿನಲ್ಲಿ ಎಮ್ಮೆ ತೊಗಲಿನ ಪದರದ ಟಿಪ್ ಬರುತ್ತದೆ, ಆಟಕ್ಕೆ ಯಾವ ಕೊರತೆಯೂ ಇಲ್ಲ. ನಿಮಗೂ ಅಂಥ ನೇಮ ಇದ್ದರೆ ತಗೊಳ್ಳುವಾಗ ಬಾಯಿಬಿಟ್ಟು ಕೇಳಿ.

ಅಳತೆ. ನಿಮ್ಮದು 12.75. ಟಿಪ್ ಯಾವಾಗಲೂ ಫೆರೂಲಿಗಿಂತ ತುಸು ದೊಡ್ಡದಿರಬೇಕು, ಕತ್ತರಿಸಿ ಸಮ ಮಾಡಲು ಜಾಗ ಬೇಕು. 13 ನಡೆಯುತ್ತದೆ, ಆದರೆ ಕೂದಲೆಳೆ ಪಕ್ಕಕ್ಕೆ ಕೂತರೂ ಒಂದು ಕಡೆ ಕಡಿಮೆ ಬೀಳುತ್ತದೆ. ಮೊದಲ ಸಲ ಹಾಕುವವರಿಗೆ 14 ಸಲೀಸು. ಫೆರೂಲಿಗಿಂತ ಚಿಕ್ಕದನ್ನು ಮಾತ್ರ ಹಾಕಲೇಬೇಡಿ, ಅಂಚು ಬಿರುಕು ಬಿಡುತ್ತದೆ.

ಇನ್ನು ಹಾಕುವ ಕೆಲಸ. ಅವಸರ ಇಲ್ಲದ ದಿನ ಕೂತುಕೊಳ್ಳಿ. ಬೇಕಾದದ್ದು: ಹೊಸ ಬ್ಲೇಡು, 120 ಮತ್ತು 400 ನಂಬರಿನ ಉಪ್ಪು ಕಾಗದ, ಒಂದು ಗಾಜಿನ ತುಂಡು ಅಥವಾ ಹಳೇ ಕನ್ನಡಿ, ಜೆಲ್ ಥರದ ಇನ್‌ಸ್ಟಂಟ್ ಅಂಟು, ಪೇಂಟರುಗಳು ಬಳಸುವ ಕಾಗದದ ಟೇಪು. ನೀರಿನಂಥ ತೆಳು ಅಂಟು ಬೇಡ. ಅದು ತೊಗಲೊಳಗೆ ಇಳಿದು ಅಡಿಯನ್ನು ಕಲ್ಲು ಮಾಡಿಬಿಡುತ್ತದೆ, ಮೀಡಿಯಂ ತಂದು ಹಾರ್ಡ್ ಮಾಡಿಕೊಂಡ ಹಾಗಾಗುತ್ತದೆ.

ಹಳೇ ಟಿಪ್ಪನ್ನು ಬ್ಲೇಡಿನಿಂದ ತೆಳುವಾಗಿ ಕೊಯ್ದು ತೆಗೆಯಿರಿ. ಮೀಟಿ ಕೀಳಬೇಡಿ, ಫೆರೂಲ್ ಚಕ್ಕೆ ಏಳುತ್ತದೆ. ಉಳಿದ ಹಳೇ ಅಂಟನ್ನು ಬ್ಲೇಡು ನೆಟ್ಟಗೆ ಹಿಡಿದು ಹೆರೆಯಿರಿ. ಈಗ ಕ್ಯೂ ತುದಿಯನ್ನು ಕನ್ನಡಿಯ ಮೇಲೆ ನೆಟ್ಟಗೆ ಊರಿ, ಹಿಂದೆ ಬೆಳಕು ಇರಲಿ. ಫೆರೂಲಿಗೂ ಗಾಜಿಗೂ ನಡುವೆ ಬೆಳಕಿನ ಗೆರೆ ಕಂಡರೆ ತಳ ಸಮ ಇಲ್ಲ ಅಂತ ಅರ್ಥ. ಹತ್ತು ನಿಮಿಷ ಜಾಸ್ತಿ ಹೋದರೂ ಇದನ್ನು ಸರಿಮಾಡಿ. ಟಿಪ್ ಬಿದ್ದುಹೋಯಿತು ಅಂತ ನನ್ನಲ್ಲಿಗೆ ಬರುವ ಹತ್ತರಲ್ಲಿ ಎಂಟಕ್ಕೆ ಅಂಟಿನ ದೋಷ ಇರುವುದಿಲ್ಲ, ತಳ ಉಬ್ಬಿರುತ್ತದೆ. ಉಬ್ಬಿದ ತಳದ ಮೇಲೆ ತೊಗಲು ನಡುವೆ ಮಾತ್ರ ಕೂರುತ್ತದೆ, ಅಂಚು ಗಾಳಿಯಲ್ಲಿರುತ್ತದೆ.

ಟಿಪ್ಪಿನ ಅಡಿಯನ್ನು ಗಾಜಿನ ಮೇಲಿಟ್ಟ 120 ನಂಬರ್ ಕಾಗದಕ್ಕೆ ಇಂಗ್ಲಿಷಿನ ಎಂಟರ ಆಕಾರದಲ್ಲಿ ಉಜ್ಜಿ. ಹೊಳಪು ಹೋಗಿ ಒರಟಾದರೆ ಸಾಕು. ಎರಡೂ ಮೈಯನ್ನು ಒಣ ಬಟ್ಟೆಯಿಂದ ಒರೆಸಿ. ಬೆರಳು ತಾಗಿಸಬೇಡಿ, ಬೆವರಿನ ಜಿಡ್ಡಿಗೆ ಅಂಟು ಕಚ್ಚುವುದಿಲ್ಲ. ಅವರೆಕಾಳಿನ ಅರ್ಧದಷ್ಟು ಅಂಟು ನಡುವೆ ಹಾಕಿ, ಟಿಪ್ ಇಟ್ಟು, ಚೂರು ತಿರುಗಿಸಿ ಮಧ್ಯಕ್ಕೆ ತಂದು, ನೆಟ್ಟಗೆ ಒಂದು ನಿಮಿಷ ಒತ್ತಿ. ಈ ಅಂಟು ಗಾಳಿಯ ತೇವದಿಂದ ಗಟ್ಟಿಯಾಗುವ ಜಾತಿಯದು. ಕರಾವಳಿಯಲ್ಲಿ ಬೇಗ ಹಿಡಿಯುತ್ತದೆ, ನಮ್ಮ ಬೇಸಿಗೆಯ ಒಣ ಹವೆಯಲ್ಲಿ ನಿಧಾನ. ಪೊಟ್ಟಣದ ಮೇಲೆ ಸೆಕೆಂಡುಗಳ ಲೆಕ್ಕ ಬರೆದಿರುತ್ತದೆ, ಅದನ್ನು ನಂಬಿ ಕತ್ತರಿಸಲು ಕೂರಬೇಡಿ. ರಾತ್ರಿಯಿಡೀ ಬಿಡಿ.

ಬೆಳಿಗ್ಗೆ ಫೆರೂಲಿಗೆ ಎರಡು ಸುತ್ತು ಟೇಪು ಸುತ್ತಿ. ಕ್ಯೂ ತಲೆಕೆಳಗಾಗಿ ಹಿಡಿದು ಟಿಪ್ಪನ್ನು ಹಲಗೆ ತುಂಡಿನ ಮೇಲೆ ಒತ್ತಿ. ಬ್ಲೇಡನ್ನು ಫೆರೂಲಿನ ಪಕ್ಕಕ್ಕೆ ತಾಗಿಸಿಕೊಂಡು ಕೆಳಮುಖವಾಗಿ, ಅಂದರೆ ಟಿಪ್ಪಿನ ತುದಿಯ ಕಡೆಗೆ ಕೊಯ್ಯಿರಿ. ಒಂದೇ ಸಲಕ್ಕೆ ದಪ್ಪ ತೆಗೆಯುವ ಆಸೆ ಬೇಡ, ಸೌತೆಕಾಯಿ ಸಿಪ್ಪೆ ಹೆರೆದ ಹಾಗೆ ತೆಳುವಾಗಿ ಕ್ಯೂ ತಿರುಗಿಸುತ್ತಾ ಬನ್ನಿ. ಉಳಿದದ್ದನ್ನು 400 ನಂಬರ್ ಕಾಗದದಲ್ಲಿ ಉಜ್ಜಿ ಸಮ ಮಾಡಿ.

ಈಗ ಬರುವ ಹಂತವನ್ನು ಜನ ಬಿಟ್ಟುಬಿಡುತ್ತಾರೆ. ನಿಮ್ಮ ಹಳೇ ಟಿಪ್ ಅರಳಿದ್ದು ಇದನ್ನು ಮಾಡದೆ ಇದ್ದದ್ದಕ್ಕೇ ಇರಬೇಕು. ಬೆರಳ ತುದಿಯಲ್ಲಿ ಒಂದೇ ಹನಿ ನೀರು ತಗೊಂಡು ಟಿಪ್ಪಿನ ಪಕ್ಕಕ್ಕೆ ಮಾತ್ರ ಸವರಿ. ಮೇಲ್ಮೈಗೆ ನೀರು ತಾಗಬಾರದು. ಹಳೇ ಚಪ್ಪಲಿಯ ಅಥವಾ ಬೆಲ್ಟಿನ ತೊಗಲ ತುಂಡನ್ನು ಮಡಿಸಿ, ಅದರಿಂದ ಟಿಪ್ಪಿನ ಪಕ್ಕವನ್ನು ಸುತ್ತಿ ಹಿಡಿದು, ಕ್ಯೂ ತಿರುಗಿಸುತ್ತಾ ಜೋರಾಗಿ ತಿಕ್ಕಿ. ಬೆರಳಿಗೆ ಬಿಸಿ ತಾಗುವವರೆಗೆ ತಿಕ್ಕಿ. ಎದ್ದ ನಾರುಗಳೆಲ್ಲ ಮಲಗುತ್ತವೆ, ಪಕ್ಕ ಗಟ್ಟಿಯಾಗಿ ಕಂದುಗಪ್ಪಾಗಿ ಹೊಳೆಯುತ್ತದೆ. ಆ ಹೊಳಪು ಕಂಡ ಮೇಲೆ ತೊಗಲು ಸುಲಭಕ್ಕೆ ಹೊರಗೆ ಬರುವುದಿಲ್ಲ, ಸುತ್ತ ಬಳೆ ತೊಡಿಸಿದ ಹಾಗೆ.

ಮೇಲಿನ ದುಂಡಿಗೆ ಜೇಬಿನಲ್ಲಿರುವ ಒಂದು ರೂಪಾಯಿ ನಾಣ್ಯವೇ ಅಳತೆ. ಈಗಿನ ಚಿಕ್ಕದು 20 ಮಿ.ಮೀ, 2011ರ ಸಾಲಿನದು 22ರ ಹತ್ತಿರ. ಎರಡರಲ್ಲಿ ಯಾವುದಾದರೂ ಆದೀತು. ನಾಣ್ಯವನ್ನು ಟಿಪ್ಪಿನ ಪಕ್ಕ ಹಿಡಿದು ಎರಡರ ಬಾಗೂ ಒಂದೇ ಆಗಿದೆಯಾ ಅಂತ ಬೆಳಕಿಗೆ ನೋಡಿ. ಚಪ್ಪಟೆ ಟಿಪ್ಪಿನಲ್ಲಿ ಸೈಡ್ ಹೊಡೆದರೆ ಅಂಚು ತಾಗಿ ಜಾರುತ್ತದೆ. ತೀರಾ ಚೂಪು ಮಾಡಿದರೆ ತೊಗಲು ಬೇಗ ಸವೆಯುತ್ತದೆ. ಹೊಸ ಟಿಪ್ ಐದಾರು ಮಿ.ಮೀ ಎತ್ತರ ಇರುತ್ತದೆ, ಆಕಾರ ಕೊಟ್ಟ ಮೇಲೆ ನಾಲ್ಕರ ಸುತ್ತ ಉಳಿಯಲಿ.

ಚಾಕ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮೊದಲು ಕ್ಯೂ ತುದಿಯಲ್ಲಿ ಬರೀ ಮರ ಇತ್ತು. ತೊಗಲು ಬಂದದ್ದು 19ನೇ ಶತಮಾನದ ಆರಂಭದಲ್ಲಿ. ಅದರ ಹಿರಿಮೆಯನ್ನು ಫ್ರಾನ್ಸಿನ ಮಿಂಗೋ ಎಂಬ ಆಟಗಾರನಿಗೆ ಕೊಡುತ್ತಾರೆ. ಇಂದಿನ ಚಾಕ್ 1897ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದದ್ದು. ಸ್ಪಿಂಕ್ಸ್ ಎಂಬ ಆಟಗಾರ, ಹಾಸ್ಕಿನ್ಸ್ ಎಂಬ ರಸಾಯನ ತಜ್ಞ ಸೇರಿ ಮಾಡಿದರು. ಹೆಸರು ಚಾಕ್ ಆದರೂ ಅದರಲ್ಲಿ ಶಾಲೆಯ ಸೀಮೆಸುಣ್ಣ ಇಲ್ಲ. ಮರಳಿನ ಜಾತಿಯ ಸಿಲಿಕಾ, ಅರದಂಥ ಗಟ್ಟಿ ಪುಡಿ ಇರುತ್ತದೆ. ಚೆಂಡನ್ನು ಹಿಡಿಯುವುದು ಆ ಪುಡಿಯ ಚೂಪು ಅಂಚು. ಅದಕ್ಕೇ ಚಾಕನ್ನು ಟಿಪ್ಪಿನ ಮೇಲಿಟ್ಟು ಬುಗುರಿ ತಿರುಗಿಸಿದ ಹಾಗೆ ತಿರುಗಿಸಬೇಡಿ, ನಡುವೆ ಗುಂಡಿಯಾಗಿ ಅಂಚಿಗೆ ಪುಡಿಯೇ ತಲುಪುವುದಿಲ್ಲ. ಗೋಡೆಗೆ ಸುಣ್ಣ ಬಳಿದ ಹಾಗೆ ಅಂಚಿನಿಂದ ಅಂಚಿಗೆ ಎಳೆಯಿರಿ. ಸೈಡ್ ಇರಲಿ, ಇಲ್ಲದಿರಲಿ, ಪ್ರತಿ ಹೊಡೆತಕ್ಕೂ ಹಾಕಿ.

ಬ್ರೇಕ್ ಮಾತ್ರ ನಿಮ್ಮ ಕ್ಯೂನಲ್ಲಿ ಹೊಡೆಯಬೇಡಿ. ಇದನ್ನು ಕೈಮುಗಿದು ಹೇಳುತ್ತೇನೆ. ಪಾರ್ಲರಿನ ಯಾವುದಾದರೂ ಸ್ಟಿಕ್ಕಿನಲ್ಲಿ ಬ್ರೇಕ್ ಹೊಡೆದು ಆಮೇಲೆ ನಿಮ್ಮದು ತಗೊಳ್ಳಿ. ತಿಂಗಳ ಆಟದಲ್ಲಿ ತೊಗಲು ಪಡುವ ಪಾಡಿನ ದೊಡ್ಡ ಭಾಗ ಆ ಮೊದಲ ಹೊಡೆತದಲ್ಲೇ ಇದೆ. ಬ್ರೇಕಿಗೆಂದೇ ಗಟ್ಟಿ ಫಿನಾಲಿಕ್ (ಒಂದು ಥರದ ಪ್ಲಾಸ್ಟಿಕ್) ಟಿಪ್ಪಿನ ಬೇರೆ ಕ್ಯೂ ಇಟ್ಟುಕೊಳ್ಳುವವರು ಇದ್ದಾರೆ, ನಿಮಗೆ ಈಗಲೇ ಆ ಖರ್ಚು ಬೇಡ.

ಕ್ಯೂವನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ, ಗಿರಣಿಯ ತಗಡಿನ ಶೆಡ್ಡಿನಲ್ಲಿ ಇಡಬೇಡಿ. ಟಿಪ್ ಬಿಡುವುದಕ್ಕಿಂತ ಮೊದಲು ಮೇಪಲ್ ಶಾಫ್ಟ್ (ಕ್ಯೂನ ಮುಂದಿನ ತುಂಡು) ಬಾಗುತ್ತದೆ. ಬಾಗಿದ ಮರವನ್ನು ನೆಟ್ಟಗೆ ಮಾಡುತ್ತೇನೆ ಅಂತ ಮಾತು ಕೊಡುವ ಧೈರ್ಯ ನನಗಿಲ್ಲ. ಮನೆಯಲ್ಲಿ ಚೀಲಕ್ಕೆ ಹಾಕಿ, ಮಲಗಿಸಿ ಅಥವಾ ನೆಟ್ಟಗೆ ನಿಲ್ಲಿಸಿ ಇಡಿ. ಗೋಡೆಗೆ ಓರೆಯಾಗಿ ಒರಗಿಸಬೇಡಿ.

ಹೊಸ ಟಿಪ್ ಮೊದಲ ವಾರ ಸ್ವಲ್ಪ ಕುಸಿಯುತ್ತದೆ, ಪಕ್ಕಕ್ಕೆ ಕೂದಲೆಳೆಯಷ್ಟು ಹೊರಬರುತ್ತದೆ. ಅದು ಸಹಜ, ಗಾಬರಿಯಾಗಿ ಕೀಳಬೇಡಿ. ಏಳೆಂಟು ದಿನ ಆಡಿದ ಮೇಲೆ ಹೊರಬಂದದ್ದನ್ನು ಕಾಗದದಿಂದ ತೆಗೆದು, ಪಕ್ಕವನ್ನು ಇನ್ನೊಮ್ಮೆ ತೊಗಲಿನಿಂದ ತಿಕ್ಕಿ, ನಾಣ್ಯ ಇಟ್ಟು ದುಂಡು ನೋಡಿ. ಆಮೇಲೆ ಉಪ್ಪು ಕಾಗದವನ್ನು ಡಬ್ಬಿಯೊಳಗಿಡಿ. ನುಣುಪಾಗಿ ಹೊಳೆದು ಚಾಕ್ ನಿಲ್ಲದೆ ಹೋದಾಗ ಮಾತ್ರ ಹೊರತೆಗೆದು ಎರಡೇ ಎರಡು ಸಲ ಹಗುರವಾಗಿ ಒರಟು ಮಾಡಿ. ಅಂಚಿನ ಎತ್ತರ 2 ಮಿ.ಮೀಗೆ ಇಳಿದ ದಿನ ಮತ್ತೊಂದು ಟಿಪ್ ಹಾಕಿ. ಅದಕ್ಕಿಂತ ತೆಳುವಾದರೆ ಪೆಟ್ಟು ಫೆರೂಲಿಗೆ ಹೋಗುತ್ತದೆ. ಆಗಲೂ ಮೀಡಿಯಮ್ಮೇ ಸಾಕು ಅನ್ನಿಸಿದರೆ ಅದನ್ನೇ ಹಾಕಿ. ‘ಇನ್ನೂ ಚೂರು ಚುರುಕು ಬೇಕಿತ್ತು’ ಅಂತ ಕೈ ಹೇಳಿದರೆ ಹಾರ್ಡ್, ‘ಪೆಟ್ಟು ಜೋರಾಯಿತು’ ಅಂದರೆ ಸಾಫ್ಟ್. ಪದರದ ಟಿಪ್ಪಿಗೆ ದುಡ್ಡು ಹಾಕಲು ಆ ಹೊತ್ತಿಗೆ ನಿಮ್ಮ ಕೈಯೂ ತಯಾರಿರುತ್ತದೆ, ಬ್ಲೇಡು ಮಾತ್ರ ಹೊಸದೇ ತನ್ನಿ.